ಹಳೇ ಕಂಪ್ಯೂಟರ್‌ಗೆ ಒಗ್ಗುವ ಹಾರ್ಡ್ ಡಿಸ್ಕ್ ಹುಡುಕಿದ್ದು

ಶುರುವಾಗಿದ್ದು ಒಂದು ಸದ್ದಿನಿಂದ. ಸ್ಕ್ಯಾನ್ ಮಾಡಿದ ಫೋಟೊ ಸೇವ್ ಆಗುತ್ತಿತ್ತು, ಕ್ಯಾಬಿನೆಟ್ ಒಳಗಿಂದ ಟಕ್, ಟಕ್, ಟಕ್ ಅಂತ ಕೇಳಿತು. ಮೌಸ್ ಅಲ್ಲೇ ನಿಂತುಬಿಟ್ಟಿತು. ಅರ್ಧ ನಿಮಿಷ ಆದ ಮೇಲೆ ಏನೂ ಆಗಿಲ್ಲ ಎನ್ನುವ ಹಾಗೆ ಮತ್ತೆ ಓಡಿತು. ಅದೇ ದಿನ ಮೂರು ಸಲ ಹೀಗಾಯಿತು.

ಇದು 2004ರ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿ, 1 ಜಿಬಿ ಮೆಮೊರಿ, 80 ಜಿಬಿಯ ಐಡಿಇ ಡಿಸ್ಕ್. ಐಡಿಇ ಅಂದರೆ ಅಗಲ ಪಟ್ಟಿಯಂಥ ಕೇಬಲ್‌ನಿಂದ ಡಿಸ್ಕ್ ಜೋಡಿಸುವ ಹಳೇ ಪದ್ಧತಿ. ಇದನ್ನು ಇನ್ನೂ ಇಟ್ಟುಕೊಂಡಿರುವುದಕ್ಕೆ ಒಂದೇ ಕಾರಣ. ಫಿಲಂ ನೆಗೆಟಿವ್ ಸ್ಕ್ಯಾನ್ ಮಾಡುವ ಒಳ್ಳೆಯ ಸ್ಕ್ಯಾನರ್ ಒಂದಿದೆ, ಅದು ಸ್ಕಸಿ ಎಂಬ ಹಳೇ ಜೋಡಣೆಯ ಕಾರ್ಡ್ ಮೂಲಕ ಮಾತ್ರ ಕೆಲಸ ಮಾಡುತ್ತದೆ, ಆ ಕಾರ್ಡ್‌ಗೆ ಮದರ್‌ಬೋರ್ಡ್ ಮೇಲೆ ಹಳೇ ಪಿಸಿಐ ಸ್ಲಾಟ್ ಬೇಕು, ಅದನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್ ಎಕ್ಸ್‌ಪಿ ದಾಟಿ ಮುಂದೆ ಬರಲೇ ಇಲ್ಲ. ಅಪ್ಪ ತೆಗೆದ ಫೋಟೊಗಳ ನೆಗೆಟಿವ್ ಎರಡು ಡಬ್ಬ ತುಂಬ ಇವೆ. ಒಂದು ಡಬ್ಬ ಮುಗಿದಿತ್ತು, ಇನ್ನೊಂದು ಬಾಕಿ ಇತ್ತು. ಈ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸುವುದಿಲ್ಲ, ಸ್ಕ್ಯಾನ್ ಬಿಟ್ಟು ಬೇರೆ ಕೆಲಸ ಅದಕ್ಕಿಲ್ಲ.

“ಅಣ್ಣಾ, ಇನ್ನೂ ಯಾಕೆ ಇದರ ಹಿಂದೆ ಬಿದ್ದಿದ್ದೀಯ, ಹೊಸದು ತಗೊಂಡ್ರೆ ಆಗಲ್ವಾ?” ಅಂದ ತಮ್ಮ.

“ತಗೋಬಹುದು ಕಣೋ, ಈ ಕಾರ್ಡನ್ನ ಎಲ್ಲಿ ಹಾಕ್ಲಿ?” ಅಂದೆ. ಅವನು ಕಾರ್ಡ್ ನೋಡಿದ, ತನ್ನ ಲ್ಯಾಪ್‌ಟಾಪ್ ನೋಡಿದ, ಸುಮ್ಮನಾದ.

ಕೇಬಲ್ಲೋ ಡಿಸ್ಕೋ

ಸದ್ದು ಬಂತು ಅಂತ ತಕ್ಷಣ ಹೊಸ ಡಿಸ್ಕ್ ತರಲು ಹೋಗಬಾರದು. ಐಡಿಇ ಯಂತ್ರಗಳಲ್ಲಿ ಕೇಬಲ್ ಕೆಟ್ಟರೂ ಹೀಗೇ ನಿಧಾನವಾಗುತ್ತದೆ. ಎಕ್ಸ್‌ಪಿಗೆ ಒಂದು ಅಭ್ಯಾಸ ಇದೆ. ಡಿಸ್ಕ್ ಜೊತೆ ಮಾತಾಡುವಾಗ ಆರು ಸಲ ತಪ್ಪಾದರೆ ಅದು ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಮತ್ತೆ ತಪ್ಪಾದರೆ ಮತ್ತೊಂದು ಮೆಟ್ಟಿಲು, ಕೊನೆಗೆ ಡಿಎಂಎ (ಪ್ರೊಸೆಸರ್ ಹೊರದೆಯೇ ಡಿಸ್ಕ್‌ನಿಂದ ನೇರ ಮೆಮೊರಿಗೆ ಸಾಗಿಸುವ ವಿಧಾನ) ಪೂರ್ತಿ ಬಿಟ್ಟು ಪಿಐಒ ಎಂಬ ಹಳೇ ವಿಧಾನಕ್ಕೆ ಬಂದು ನಿಲ್ಲುತ್ತದೆ. ಆಗ ಡಿಸ್ಕ್‌ನಿಂದ ಬರುವ ಪ್ರತಿಯೊಂದನ್ನೂ ಪ್ರೊಸೆಸರ್ ತಾನೇ ಹೊತ್ತು ತರಬೇಕು. ಇಡೀ ಯಂತ್ರ ತೆವಳುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ಪ್ರೈಮರಿ ಐಡಿಇ ಚಾನೆಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿದೆ. ‘ಕರೆಂಟ್ ಟ್ರಾನ್ಸ್‌ಫರ್ ಮೋಡ್’ ಮುಂದೆ ಪಿಐಒ ಅಂತಲೇ ಇತ್ತು.

ತಪ್ಪು ಎಲ್ಲಿ ಆಗುತ್ತಿದೆ ಅಂತ ಡಿಸ್ಕ್ ತಾನೇ ಲೆಕ್ಕ ಇಟ್ಟಿರುತ್ತದೆ. ಅದನ್ನೇ ಸ್ಮಾರ್ಟ್ ವರದಿ ಅನ್ನುವುದು. ಅದರಲ್ಲಿ ಮೂವತ್ತು ಸಾಲು ಇದ್ದರೂ ನಾನು ನೋಡುವುದು ನಾಲ್ಕೇ. 5ನೇ ನಂಬರಿನ ಸಾಲು ಈಗಾಗಲೇ ಕೆಟ್ಟು ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳದ್ದು, ಸೆಕ್ಟರ್ ಅಂದರೆ ಡಿಸ್ಕ್ ಮೇಲಿನ ಒಂದು ಸಣ್ಣ ತುಂಡು ಜಾಗ. 197 ಎಂದರೆ ಓದಲು ಆಗದೆ ಕಾದು ಕುಳಿತ ಸೆಕ್ಟರ್‌ಗಳು. 198 ಎಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಸಿಕ್ಕ, ಸರಿಪಡಿಸಲು ಆಗದ ಸೆಕ್ಟರ್‌ಗಳು. 199 ಎಂದರೆ ಕೇಬಲ್ ದಾರಿಯಲ್ಲಿ ಆದ ತಪ್ಪು. ನನ್ನದರಲ್ಲಿ 199 ಸೊನ್ನೆ ಇತ್ತು. ಅಂದರೆ ಕೇಬಲ್ ನಿರಪರಾಧಿ. 197 ಬೆಳಿಗ್ಗೆ 48 ಇತ್ತು. ಒಂದು ಗಂಟೆ ಬಿಟ್ಟು ನೋಡಿದರೆ 64. ಈ ಸಂಖ್ಯೆ ಕಣ್ಣೆದುರೇ ಏರುತ್ತಿದೆ ಅಂದರೆ ಇನ್ನು ಒಂದು ನಿಮಿಷವೂ ಆ ಡಿಸ್ಕ್‌ನಿಂದ ವಿಂಡೋಸ್ ಓಡಿಸಬಾರದು. ಪವರ್ ತೆಗೆದೆ.

ಮೊದಲು ಫೋಟೊ, ಆಮೇಲೆ ಡಿಸ್ಕ್

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಾಯುತ್ತಿರುವ ಡಿಸ್ಕ್ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಎಂಬ ರಿಪೇರಿ ಪ್ರೋಗ್ರಾಂ ಓಡಿಸಬೇಡಿ. ಅದು ಫೈಲ್ ವ್ಯವಸ್ಥೆಯನ್ನು ಸರಿಮಾಡಲು ಹೋಗಿ ಅದೇ ಡಿಸ್ಕ್ ಮೇಲೆ ಬರೆಯುತ್ತದೆ, ಕೆಟ್ಟ ಜಾಗವನ್ನು ಮತ್ತೆ ಮತ್ತೆ ಕೆದಕುತ್ತದೆ, ಉಳಿದಿದ್ದೂ ಹೋಗಬಹುದು. ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆಯಬೇಕು. ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ.

ಡಿಸ್ಕ್ ಬಿಚ್ಚಿ, ಹಿಂದಿನ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ಮಾಸ್ಟರ್‌ಗೆ, ಅಂದರೆ ಕೇಬಲ್‌ನ ಮೊದಲ ಡಿಸ್ಕ್ ಎಂಬ ಗುರುತಿಗೆ, ಇದೆ ಅಂತ ನೋಡಿಕೊಂಡು, ಯುಎಸ್‌ಬಿ ಕನ್ವರ್ಟರ್ ಮೂಲಕ ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗೆ ಜೋಡಿಸಿದೆ. ಗ್ನೂ ಡಿಡಿರೆಸ್ಕ್ಯೂ ಈ ಕೆಲಸಕ್ಕೆಂದೇ ಇರುವ ಪ್ರೋಗ್ರಾಂ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕಿದರೆ ಹಾರಿ ಮುಂದೆ ಹೋಗುತ್ತದೆ. ಯಾವುದು ಆಯಿತು, ಯಾವುದು ಬಾಕಿ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಮಧ್ಯದಲ್ಲಿ ನಿಲ್ಲಿಸಿ, ಡಿಸ್ಕ್ ತಣ್ಣಗಾಗಲು ಬಿಟ್ಟು, ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಮೊದಲ ಸುತ್ತು ಸುಮಾರು ಮೂರು ಗಂಟೆಯಲ್ಲಿ ಮುಗಿಯಿತು. ಬಾಕಿ ಉಳಿದ ಚೂರುಗಳಿಗೆ ಎರಡು ರಾತ್ರಿ ಹಿಡಿಯಿತು. ಕೊನೆಗೆ 80 ಜಿಬಿಯಲ್ಲಿ 212 ಕೆಬಿ ಮಾತ್ರ ಸಿಗಲಿಲ್ಲ.

ಸಿಗದ ಆ ಜಾಗದಲ್ಲಿ ಯಾವ ಫೈಲ್ ಇತ್ತು ಅಂತ ತಿಳಿಯುವುದು ಹೇಗೆ? ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತ ಒಂದಿದೆ. ಓದಲಾಗದ ಜಾಗಗಳನ್ನೆಲ್ಲ ನಾವು ಕೊಟ್ಟ ಒಂದು ಪದದಿಂದ ತುಂಬುತ್ತದೆ. ಪ್ರತಿಯ ಇನ್ನೊಂದು ಪ್ರತಿ ಮಾಡಿ ಅದರಲ್ಲಿ ಹೀಗೆ ತುಂಬಿಸಿದೆ. ಆಮೇಲೆ ಎಲ್ಲ ಫೈಲುಗಳಲ್ಲೂ ಆ ಪದ ಹುಡುಕಿದೆ. ಮೂರು ಫೈಲ್ ಸಿಕ್ಕವು. ಒಂದು ಯಾವುದೋ ಹೆಲ್ಪ್ ಫೈಲ್. ಇನ್ನೆರಡು ಸ್ಕ್ಯಾನ್ ಮಾಡಿದ ಫೋಟೊ. ಅವುಗಳ ನೆಗೆಟಿವ್ ನಂಬರ್ ಬರೆದಿಟ್ಟುಕೊಂಡೆ. ನೆಗೆಟಿವ್ ಕೈಯಲ್ಲಿದ್ದಿದ್ದರಿಂದ ಮನಸ್ಸು ನಿರಾಳವಾಗಿತ್ತು.

ಯಂತ್ರ ಏನು ಕೇಳುತ್ತದೆ

ಇನ್ನು ಹೊಸ ಡಿಸ್ಕ್. ಹಳೇ ಡಿಸ್ಕ್ ಮೇಲೆ ಕಂಪ್ಯೂಟರ್ ಕಂಪನಿಯ ಸ್ಟಿಕ್ಕರ್, ಅದರದೇ ಪಾರ್ಟ್ ನಂಬರ್ ಇತ್ತು. ಅದೇ ನಂಬರಿನ ಡಿಸ್ಕೇ ಬೇಕು ಅಂತ ಹುಡುಕುತ್ತಾ ಎಷ್ಟೋ ಜನ ದಣಿಯುತ್ತಾರೆ. ಆ ಸ್ಟಿಕ್ಕರ್ ಕೆಳಗೆ ನೋಡಿ, ಡಿಸ್ಕ್ ತಯಾರಿಸಿದ ಕಂಪನಿಯ ಲೇಬಲ್ ಬೇರೆ ಇರುತ್ತದೆ. ಮಾರಾಟಕ್ಕೆ ಬರುವ ಹೆಚ್ಚಿನ ಕಂಪ್ಯೂಟರ್‌ಗಳ ಕಂಪನಿ ಡಿಸ್ಕ್ ತಯಾರಿಸುವುದೇ ಇಲ್ಲ, ಬೇರೆಯವರಿಂದ ತಂದು ಹಾಕಿರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಮೂರೇ ಜನ ಉಳಿದಿದ್ದಾರೆ, ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಕಂಪ್ಯೂಟರ್ ಜೊತೆ ಬಂದ ಪುಸ್ತಕದಲ್ಲಿ ‘40, 80, 160 ಜಿಬಿ’ ಅಂತ ಪಟ್ಟಿ ಇತ್ತು. ಅದು ಆ ಕಾಲದಲ್ಲಿ ಅವರು ಮಾರಿದ ಪಟ್ಟಿ. ಯಂತ್ರದ ಮಿತಿ ಅಲ್ಲ. ಮಿತಿ ಎಲ್ಲಿದೆ ಅಂತ ನಾವೇ ನೋಡಬೇಕು.

ಡಿಸ್ಕ್ ಒಗ್ಗುತ್ತದೆ ಅಂದರೆ ಪ್ಲಗ್ ಕೂತರೆ ಸಾಕು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಪ್ಲಗ್ ಬರೀ ಬಾಗಿಲು. ಒಳಗೆ ಡಿಸ್ಕ್ ಜೊತೆ ಮಾತಾಡುವ ಕಂಟ್ರೋಲರ್ ಚಿಪ್ ಇದೆ, ಆನ್ ಆದ ಕೂಡಲೇ ಮೊದಲು ಓಡುವ ಬಯಾಸ್ ಇದೆ, ಆಪರೇಟಿಂಗ್ ಸಿಸ್ಟಂ ಇದೆ. ಮೂವರೂ ಒಪ್ಪಿದರೆ ಮಾತ್ರ ಡಿಸ್ಕ್ ನಡೆಯುತ್ತದೆ.

ಕ್ಯಾಬಿನೆಟ್ ತೆರೆದು, ಧೂಳು ಊದಿ, ಟಾರ್ಚ್ ಹಾಕಿ ನೋಡಿದೆ. ಮದರ್‌ಬೋರ್ಡ್ ಮೇಲೆ ಎರಡು ಐಡಿಇ ಕನೆಕ್ಟರ್, ಮೂಲೆಯಲ್ಲಿ ಐಡಿಇ ನಂತರ ಬಂದ ಸಾಟಾ ಪದ್ಧತಿಯ ಎರಡು ಪುಟ್ಟ ಪೋರ್ಟ್. ಅವನ್ನು ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ, ಸೀಲ್ ತೆಗೆದ ಹಾಗೇ ಹೊಸದಾಗಿದ್ದವು. ಬೋರ್ಡ್ ನಂಬರ್ ಬರೆದುಕೊಂಡೆ. ಡಿಸ್ಕ್ ಕಂಟ್ರೋಲರ್ ಇರುವ ಸೌತ್‌ಬ್ರಿಜ್ ಚಿಪ್ ಮೇಲಿನ ಅಕ್ಷರ ಎಷ್ಟು ಸಣ್ಣದಿತ್ತು ಅಂದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್‌ನಿಂದ ಬರುವ ವೈರುಗಳಲ್ಲಿ ಸಾಟಾ ಪವರ್ ಪ್ಲಗ್ ಒಂದೂ ಇರಲಿಲ್ಲ, ಎಲ್ಲ ಹಳೇ ನಾಲ್ಕು ಪಿನ್ನಿನ ಮೊಲೆಕ್ಸ್.

ಈಗ ಆಯ್ಕೆಗಳು. ಹೊಸ ಐಡಿಇ ಡಿಸ್ಕ್ ಯಾರೂ ತಯಾರಿಸುವುದಿಲ್ಲ. ಸಿಗುವುದೆಲ್ಲ ಬಳಸಿದ್ದು ಅಥವಾ ಎಲ್ಲೋ ಗೋಡೌನಿನಲ್ಲಿ ಹದಿನೈದು ವರ್ಷ ಕೂತಿದ್ದು. ಸಾಯುತ್ತಿರುವ ಮುದಿ ಡಿಸ್ಕ್ ತೆಗೆದು ಇನ್ನೊಂದು ಮುದಿ ಐಡಿಇ ಡಿಸ್ಕ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಇನ್ನೂ ಹಳೇ ಯಂತ್ರ, ಡಾಸ್ ಓಡುವಂಥದ್ದು ಆಗಿದ್ದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಒಳ್ಳೆಯದು. ಅದಕ್ಕೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ, ನಡುವೆ ಬೇಕಾಗುವುದು ಪಿನ್ ಬದಲಿಸುವ ಒಂದು ಸರಳ ಬೋರ್ಡ್ ಅಷ್ಟೇ. ಆದರೆ ಅಂಥ ಯಂತ್ರಗಳ ಬಯಾಸ್‌ನಲ್ಲಿ 528 ಎಂಬಿ, 8.4 ಜಿಬಿ ಎಂಬ ಗೋಡೆಗಳಿರುತ್ತವೆ, ಅದು ನೆನಪಿರಲಿ.

ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಯಾಕೆ ಬೇಡ ಅಂತ ಕೇಳಬಹುದು. 2008, 2009ರ ನಂತರದ ಯಂತ್ರ ಆಗಿದ್ದರೆ, ವಿಂಡೋಸ್ 7 ಅಥವಾ ಲಿನಕ್ಸ್ ಇದ್ದರೆ, ಎರಡನೇ ಯೋಚನೆಯೇ ಬೇಡ, ಸಾಟಾ ಎಸ್‌ಎಸ್‌ಡಿಯನ್ನೇ ಹಾಕಿ. ಹಳೇ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ನನ್ನದರಲ್ಲಿ ಎರಡು ತೊಡಕು. ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಎಕ್ಸ್‌ಪಿಗೆ ಗೊತ್ತಿಲ್ಲ. ಇನ್ನೊಂದು ಇದಕ್ಕಿಂತ ದೊಡ್ಡದು, ಅದನ್ನು ಕಷ್ಟಪಟ್ಟು ಕಲಿತೆ, ಈಗ ಹೇಳುತ್ತೇನೆ.

1 ಟಿಬಿ ಡಿಸ್ಕ್ ತಂದು ಸೋತಿದ್ದು

ಸಾಟಾ ಪೋರ್ಟ್ ಇದೆಯಲ್ಲ, ಹೊಸ ಸಾಟಾ ಡಿಸ್ಕ್ ಹಾಕಿದರಾಯಿತು ಅಂತ 1 ಟಿಬಿಯ 3.5 ಇಂಚಿನ ಡಿಸ್ಕ್ ತಂದೆ. ಜೋಡಿಸಿ ಆನ್ ಮಾಡಿದೆ. ಬಯಾಸ್ ಪರದೆಯಲ್ಲಿ ‘ಡಿಟೆಕ್ಟಿಂಗ್’ ಅಂತ ಬಂತು. ಮುಂದೆ ಸಣ್ಣ ಗೆರೆ ಮಿನುಗುತ್ತಾ ಇತ್ತು. ಒಂದು ನಿಮಿಷ. ಎರಡು ನಿಮಿಷ. ಡಿಸ್ಕ್ ತಿರುಗುತ್ತಿರುವುದು ಕೈಗೆ ಗೊತ್ತಾಗುತ್ತಿತ್ತು, ಯಂತ್ರಕ್ಕೆ ಮಾತ್ರ ಅದು ಕಾಣುತ್ತಿರಲಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಬಯಾಸ್‌ನಲ್ಲಿ ಸಾಟಾ ಆನ್ ಇದೆಯಾ ನೋಡಿದೆ. ಅದೇ ಗೆರೆ, ಅದೇ ಮಿನುಗು.

ಡಿಸ್ಕೇ ಕೆಟ್ಟಿದ್ದಾ ಅಂತ ಲ್ಯಾಪ್‌ಟಾಪ್‌ಗೆ ಹಾಕಿದರೆ ತಕ್ಷಣ ಬಂತು.

ಕಾರಣ ಹೀಗಿದೆ. ಸಾಟಾ ಮೂರು ತಲೆಮಾರು ಕಂಡಿದೆ. ಮೊದಲನೆಯದು ಸೆಕೆಂಡಿಗೆ 1.5 ಗಿಗಾಬಿಟ್, ಎರಡನೆಯದು 3, ಮೂರನೆಯದು 6, ಅದು ಬಂದಿದ್ದು 2009ರಲ್ಲಿ. ಎರಡು ಕಡೆಯವರೂ ಆನ್ ಆದ ಕೂಡಲೇ ತಮ್ಮ ತಮ್ಮ ವೇಗ ಹೇಳಿಕೊಂಡು, ಇಬ್ಬರಿಗೂ ಆಗುವ ವೇಗಕ್ಕೆ ಇಳಿಯಬೇಕು ಅಂತ ನಿಯಮ. ಹಾಗಾಗಿ ಹೊಸ ಡಿಸ್ಕ್ ಹಳೇ ಪೋರ್ಟಿನಲ್ಲಿ ನಡೆಯಬೇಕು, ಹೆಚ್ಚಿನ ಯಂತ್ರಗಳಲ್ಲಿ ನಡೆಯುತ್ತದೆ ಕೂಡ. ಆದರೆ ಮೊದಲ ತಲೆಮಾರಿನ ಕೆಲವು ಸೌತ್‌ಬ್ರಿಜ್ ಚಿಪ್‌ಗಳಿಗೆ ಈ ಮಾತುಕತೆ ಸರಿಯಾಗಿ ಬರುವುದಿಲ್ಲ. ಎದುರಿನವನು 3 ಅಂತ ಶುರುಮಾಡಿದರೆ ಅವು ಕಾಯುತ್ತಾ ಕೂತುಬಿಡುತ್ತವೆ. ನನ್ನ ಬೋರ್ಡ್ ಮೇಲಿದ್ದದ್ದು ಅಂಥದ್ದೇ ಒಂದು ಚಿಪ್.

ಇದಕ್ಕೆ ಆ ಕಾಲದ ಡಿಸ್ಕ್ ತಯಾರಕರು ಒಂದು ಉಪಾಯ ಇಟ್ಟಿದ್ದರು. ಸಾಟಾ ಪ್ಲಗ್ ಪಕ್ಕದಲ್ಲಿ ಸಣ್ಣ ಪಿನ್‌ಗಳ ಒಂದು ಗುಂಪು ಇರುತ್ತದೆ. ಗೊತ್ತಾದ ಎರಡು ಪಿನ್‌ಗೆ ಜಂಪರ್ ಹಾಕಿದರೆ ಡಿಸ್ಕ್ ತಾನು 1.5 ಮಾತ್ರ ಅಂತಲೇ ಹೇಳಿಕೊಳ್ಳುತ್ತದೆ. ವೆಸ್ಟರ್ನ್ ಡಿಜಿಟಲ್‌ನ 3.5 ಇಂಚಿನ ಡಿಸ್ಕ್‌ಗಳಲ್ಲಿ ಅದು 5 ಮತ್ತು 6ನೇ ಪಿನ್. ಬೇರೆ ಕಂಪನಿಯದ್ದಾದರೆ ಲೇಬಲ್ ಮೇಲೆ ಚಿತ್ರ ಇರುತ್ತದೆ, ಇಲ್ಲದಿದ್ದರೆ ಆ ಮಾದರಿಯ ಕೈಪಿಡಿ ನೋಡಬೇಕು, ಅಂದಾಜಿನ ಮೇಲೆ ಹಾಕಬಾರದು. ನಾನು ತಂದ 1 ಟಿಬಿ ಡಿಸ್ಕ್‌ನಲ್ಲಿ ಆ ಸೌಲಭ್ಯವೇ ಇರಲಿಲ್ಲ. ಎಸ್‌ಎಸ್‌ಡಿಗಳಲ್ಲೂ ಇಂಥ ಜಂಪರ್ ಇರುವುದಿಲ್ಲ. ಎಸ್‌ಎಸ್‌ಡಿ ಬೇಡ ಅಂದ ಎರಡನೇ ಕಾರಣ ಇದೇ.

ವೇಗ ಕಮ್ಮಿ ಆಗುತ್ತದಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. 1.5 ಗಿಗಾಬಿಟ್ ಅಂದರೆ ಸೆಕೆಂಡಿಗೆ 150 ಎಂಬಿ. 500 ಜಿಬಿಯ ಹಳೇ ತಿರುಗುವ ಡಿಸ್ಕ್ ಎಷ್ಟೇ ಓಡಿದರೂ ಆ ಮಟ್ಟ ಮುಟ್ಟುವುದು ಕಷ್ಟ. ರಸ್ತೆ ಕಿರಿದಾದರೂ ಗಾಡಿಗೆ ಸಾಕಷ್ಟು ಅಗಲ ಇದೆ.

ಹಾಗಾದರೆ ಎಂಥ ಡಿಸ್ಕ್ ಬೇಕು

ಈಗ ನನ್ನ ಹುಡುಕಾಟ ಸಣ್ಣದಾಯಿತು. ಸಾಟಾ ಇರಬೇಕು, 1.5ಕ್ಕೆ ಇಳಿಸುವ ಜಂಪರ್ ಇರಬೇಕು. ಇನ್ನೆರಡು ವಿಷಯ ಬಾಕಿ ಇದ್ದವು. ಒಂದು ಗಾತ್ರ, ಇನ್ನೊಂದು ಸೆಕ್ಟರ್.

ಗಾತ್ರದ ದೊಡ್ಡ ಗೋಡೆ 137 ಜಿಬಿ. ಹಳೇ ಐಡಿಇ ಪದ್ಧತಿಯಲ್ಲಿ ಸೆಕ್ಟರ್ ವಿಳಾಸಕ್ಕೆ 28 ಬಿಟ್ ಮಾತ್ರ. ಒಂದೊಂದು ಸೆಕ್ಟರ್ 512 ಬೈಟ್ ಅಂತ ಗುಣಿಸಿದರೆ 137 ಜಿಬಿಗೆ ಮುಗಿಯಿತು. 2002ರ ಹೊತ್ತಿಗೆ 48 ಬಿಟ್ ವಿಳಾಸ ಬಂತು. ಎಕ್ಸ್‌ಪಿಗೆ ಅದು ಅರ್ಥವಾಗಿದ್ದು ಸರ್ವಿಸ್ ಪ್ಯಾಕ್ 1ರಿಂದ. ಅದಕ್ಕೂ ಹಿಂದಿನ ಎಕ್ಸ್‌ಪಿಯಲ್ಲಿ ದೊಡ್ಡ ಡಿಸ್ಕ್ ಹಾಕಿ 137 ದಾಟಿ ಬರೆದರೆ ವಿಳಾಸ ಸುತ್ತಿಕೊಂಡು ಮತ್ತೆ ಡಿಸ್ಕ್‌ನ ತಲೆಗೇ ಬರಬಹುದು, ಡಿಸ್ಕ್ ಹೇಗೆ ಭಾಗವಾಗಿದೆ ಅಂತ ಹೇಳುವ ಪಾರ್ಟಿಷನ್ ಪಟ್ಟಿಯ ಮೇಲೇ ಬರೆದುಬಿಡಬಹುದು. ತಿಂಗಳುಗಟ್ಟಲೆ ಚೆನ್ನಾಗಿ ನಡೆದು, ಡಿಸ್ಕ್ ತುಂಬುತ್ತಾ ಬಂದ ದಿನ ಎಲ್ಲ ಮಾಯವಾಗುತ್ತದೆ. ಇದಕ್ಕಿಂತ ಕೆಟ್ಟ ತರಹದ ನಷ್ಟ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ, ಯಾಕೆಂದರೆ ಮುನ್ಸೂಚನೆಯೇ ಇರುವುದಿಲ್ಲ. ನನ್ನದು ಸರ್ವಿಸ್ ಪ್ಯಾಕ್ 2, ಬಯಾಸ್ ಕೂಡ ದೊಡ್ಡ ಡಿಸ್ಕ್‌ನ ಗಾತ್ರ ಸರಿಯಾಗಿ ತೋರಿಸುತ್ತದೆ. ಆದರೂ ಸಿ ಡ್ರೈವ್ ಪೂರ್ತಿಯಾಗಿ ಮೊದಲ 137 ಜಿಬಿ ಒಳಗೇ ಇರಲಿ ಅಂತ ನಿರ್ಧರಿಸಿದೆ. ಮೇಲಿನ ಗೋಡೆ 2 ಟಿಬಿ, 32 ಬಿಟ್‌ನ ಎಕ್ಸ್‌ಪಿಗೆ ಅದರಾಚೆಗೆ ಬೇಕಾಗುವ ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪದ್ಧತಿ ಓದಲು ಬರುವುದಿಲ್ಲ.

ಸೆಕ್ಟರ್ ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2011ರ ಆಸುಪಾಸಿನಿಂದ ಬಂದ ಹೆಚ್ಚಿನ ಡಿಸ್ಕ್‌ಗಳ ಒಳಗಿನ ಸೆಕ್ಟರ್ 4096 ಬೈಟ್. ಹೊರಗೆ ಮಾತ್ರ 512 ಅಂತ ತೋರಿಸಿಕೊಳ್ಳುತ್ತವೆ. ಎಕ್ಸ್‌ಪಿ ತನ್ನ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಶುರುಮಾಡುತ್ತದೆ. ಒಳಗಿನ ಒಂದು ಸೆಕ್ಟರಿನಲ್ಲಿ ಹೊರಗೆ ತೋರಿಸುವ ಎಂಟು ಸೆಕ್ಟರ್ ಹಿಡಿಯುತ್ತವೆ, 63 ಎಂಟರಿಂದ ಭಾಗವಾಗುವುದಿಲ್ಲ ಅಲ್ವಾ, ಹಾಗಾಗಿ ವಿಂಡೋಸ್ ಬರೆಯುವ ಒಂದೊಂದು ತುಂಡೂ ಡಿಸ್ಕ್‌ನ ಎರಡು ಸೆಕ್ಟರ್ ಮೇಲೆ ಅಡ್ಡಡ್ಡ ಬೀಳುತ್ತದೆ. ಡಿಸ್ಕ್ ಪ್ರತಿ ಸಲ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ಕೆಡುವುದಿಲ್ಲ, ಆದರೆ ಸುಸ್ತಾಗುತ್ತದೆ. ಹೊಸದಾಗಿ ಪಾರ್ಟಿಷನ್ ಮಾಡುವವರು ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ 2048ನೇ ಸೆಕ್ಟರಿನಿಂದ ಶುರುಮಾಡಿ ಇದನ್ನು ತಪ್ಪಿಸಬಹುದು. ನಾನು ಹಾಕಬೇಕಿದ್ದದ್ದು ಹಳೇ ಡಿಸ್ಕ್‌ನ ಪ್ರತಿ, ಅದು 63ರಿಂದಲೇ ಶುರುವಾಗುತ್ತಿತ್ತು. ಹಾಗಾಗಿ ನಿಜವಾಗಿಯೂ 512 ಬೈಟ್ ಸೆಕ್ಟರ್ ಇರುವ ಸ್ವಲ್ಪ ಹಳೇ ಡಿಸ್ಕ್ ನನಗೆ ಬೇಕಿತ್ತು.

ಗೆಳೆಯನೊಬ್ಬ ತನ್ನ ಹಳೇ ಡೆಸ್ಕ್‌ಟಾಪ್‌ನಿಂದ ತೆಗೆದಿಟ್ಟ 500 ಜಿಬಿ ಡಿಸ್ಕ್ ಕೊಟ್ಟ. ಸಾಟಾ 3 ಗಿಗಾಬಿಟ್, 7200 ಆರ್‌ಪಿಎಂ, 512 ಸೆಕ್ಟರ್, ಜಂಪರ್ ಪಿನ್ ಇದೆ. ಬಳಸಿದ ಡಿಸ್ಕ್ ಆದ್ದರಿಂದ ಪರೀಕ್ಷೆ ಮಾಡದೆ ನಂಬಲಿಲ್ಲ. ಸ್ಮಾರ್ಟ್‌ನಲ್ಲಿ 5, 197, 198 ಮೂರೂ ಸೊನ್ನೆ, ಓಡಿದ್ದು ಸುಮಾರು 11,000 ಗಂಟೆ. ಅಷ್ಟಕ್ಕೇ ಬಿಡಬಾರದು. ತುದಿಯಿಂದ ತುದಿಗೆ ಸೊನ್ನೆ ಬರೆದೆ, ಆಮೇಲೆ ಸ್ಮಾರ್ಟ್‌ನ ಲಾಂಗ್ ಟೆಸ್ಟ್ ಓಡಿಸಿದೆ. ಬರೆಯುವಾಗ ಓದುವಾಗ ಎಲ್ಲ ಜಾಗವನ್ನೂ ಡಿಸ್ಕ್ ಮುಟ್ಟಲೇಬೇಕು, ಎಲ್ಲಾದರೂ ಅಡಗಿದ ದೋಷ ಇದ್ದರೆ ಆಗ ಹೊರಗೆ ಬರುತ್ತದೆ. ಮತ್ತೆ ನೋಡಿದೆ, ಮೂರೂ ಸೊನ್ನೆಯೇ. ಇದು ನನ್ನ ಡಿಸ್ಕ್ ಅಂತ ಆಗ ಒಪ್ಪಿದೆ.

ಹೊಸ ಮನೆಗೆ ವಿಂಡೋಸ್ ಕರೆತಂದಿದ್ದು

ಇಲ್ಲಿ ಒಂದು ಸಿಕ್ಕು ಇತ್ತು, ಬಿಡಿಸಿದಾಗ ತುಂಬಾ ಖುಷಿಯಾಯಿತು. ಐಡಿಇ ಡಿಸ್ಕ್‌ನಲ್ಲಿದ್ದ ಎಕ್ಸ್‌ಪಿಗೆ ಸಾಟಾ ಕಂಟ್ರೋಲರ್ ಪರಿಚಯವಿಲ್ಲ. ಅದರ ಪ್ರತಿಯನ್ನು ಸಾಟಾ ಡಿಸ್ಕ್‌ಗೆ ಹಾಕಿ ಬೂಟ್ ಮಾಡಿದರೆ ವಿಂಡೋಸ್ ಲೋಗೊ ಬಂದು, 7ಬಿ ನಂಬರಿನ ನೀಲಿ ಪರದೆ ಬಂದು ನಿಲ್ಲುತ್ತದೆ. ಬೂಟ್ ಆಗದೆ ಡ್ರೈವರ್ ಹಾಕಲು ಆಗುವುದಿಲ್ಲ, ಡ್ರೈವರ್ ಇಲ್ಲದೆ ಬೂಟ್ ಆಗುವುದಿಲ್ಲ. ಹಳೇ ಡಿಸ್ಕನ್ನು ಮತ್ತೆ ಓಡಿಸುವ ಮಾತೇ ಇಲ್ಲ.

ದಾರಿ ಸಿಕ್ಕಿದ್ದು ಒಂದು ಪುಟ್ಟ ಬೋರ್ಡಿನಿಂದ. ಒಂದು ಕಡೆ ಐಡಿಇಯ 40 ಪಿನ್, ಇನ್ನೊಂದು ಕಡೆ ಸಾಟಾ ಡಿಸ್ಕ್‌ಗೆ ಕೂರುವ ಪ್ಲಗ್, ನಡುವೆ ಒಂದು ಚಿಪ್. ಐಡಿಇ ಟು ಸಾಟಾ ಕನ್ವರ್ಟರ್ ಅಂತ ಕೇಳಿದರೆ ಕೊಡುತ್ತಾರೆ. ಹಳೇ ಡಿಸ್ಕ್‌ನ ಪ್ರತಿಯನ್ನು ಲ್ಯಾಪ್‌ಟಾಪ್‌ನಿಂದ 500 ಜಿಬಿ ಡಿಸ್ಕ್‌ಗೆ ಬರೆದೆ. ಬರೆಯುವ ಮುಂಚೆ ಯಾವ ಡಿಸ್ಕ್ ಮೇಲೆ ಬರೆಯುತ್ತಿದ್ದೇನೆ ಅಂತ ಹೆಸರು, ಗಾತ್ರ, ಸೀರಿಯಲ್ ನಂಬರ್ ಮೂರನ್ನೂ ನೋಡಿದೆ, ಈ ಹೆಜ್ಜೆಯಲ್ಲಿ ಕೈ ತಪ್ಪಿದರೆ ಲ್ಯಾಪ್‌ಟಾಪೇ ಖಾಲಿ. ಆಮೇಲೆ ಡಿಸ್ಕನ್ನು ಕನ್ವರ್ಟರ್ ಮೂಲಕ ಐಡಿಇ ಕೇಬಲ್‌ಗೆ ಹಾಕಿದೆ, ಕನ್ವರ್ಟರ್ ಜಂಪರ್ ಮಾಸ್ಟರ್‌ಗೆ ಇಟ್ಟೆ. ಕೇಬಲ್ 80 ವೈರಿನದ್ದೇ ಇರಬೇಕು, ನೀಲಿ ತುದಿ ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ.

ಎಕ್ಸ್‌ಪಿ ಬಂತು! ಅದಕ್ಕೆ ಕಂಟ್ರೋಲರ್ ಹಳೆಯದೇ, ಹಾಗಾಗಿ ಏನೂ ಬದಲಾದದ್ದು ಗೊತ್ತಾಗಲಿಲ್ಲ. ಡಿಸ್ಕ್ ಮಾತ್ರ ಸಾಟಾ. ಈಗ ಸಾವಕಾಶವಾಗಿ ಚೆಕ್‌ಡಿಸ್ಕ್ ಓಡಿಸಿದೆ. ಬಯಾಸ್‌ನಲ್ಲಿ ಸಾಟಾ ಕಂಟ್ರೋಲರ್ ಆನ್ ಮಾಡಿದೆ. ಅದಕ್ಕೆ ಏನೂ ಜೋಡಿಸದಿದ್ದರೂ ‘ಹೊಸ ಹಾರ್ಡ್‌ವೇರ್ ಸಿಕ್ಕಿದೆ’ ಅಂತ ಎಕ್ಸ್‌ಪಿ ಕೇಳಿತು, ಬೋರ್ಡ್ ಜೊತೆ ಬಂದ ಸಿಡಿಯಿಂದ ಡ್ರೈವರ್ ಕೊಟ್ಟೆ. ಯಂತ್ರ ಆಫ್ ಮಾಡಿ, ಕನ್ವರ್ಟರ್ ತೆಗೆದು, ಡಿಸ್ಕ್ ಹಿಂದಿನ ಪಿನ್‌ಗೆ ಜಂಪರ್ ಹಾಕಿ, ನೇರ ಸಾಟಾ ಪೋರ್ಟ್‌ಗೆ ಸಿಕ್ಕಿಸಿದೆ. ಬಯಾಸ್‌ನಲ್ಲಿ ಆ ಮಿನುಗುವ ಗೆರೆ ಅರ್ಧ ಸೆಕೆಂಡ್ ಕಂಡಿತು, ಪಕ್ಕದಲ್ಲೇ ಡಿಸ್ಕ್ ಹೆಸರು ಬಂತು. ಎಕ್ಸ್‌ಪಿ ಸೀದಾ ಡೆಸ್ಕ್‌ಟಾಪ್‌ಗೆ ಹೋಯಿತು.

ಸಿ ಡ್ರೈವ್ ಹಳೆಯ 74.5 ಜಿಬಿಯಷ್ಟೇ ಉಳಿದಿದೆ (ತಯಾರಕರ 80 ಜಿಬಿಯನ್ನು ವಿಂಡೋಸ್ ಎಣಿಸುವುದು ಹೀಗೆ). ಉಳಿದ ಜಾಗದಲ್ಲಿ ಫೋಟೊಗಳಿಗೆ ಇನ್ನೊಂದು ಪಾರ್ಟಿಷನ್ ಮಾಡಿದೆ. ಅದೇ ಕನ್ವರ್ಟರ್‌ನಲ್ಲಿ ಆ 1 ಟಿಬಿ ಡಿಸ್ಕನ್ನೂ ಹಾಕಿ ನೋಡಿದೆ, ತಕರಾರಿಲ್ಲದೆ ಕಂಡಿತು. ಅಂದರೆ ಜಂಪರ್ ಇಲ್ಲದ ಡಿಸ್ಕೇ ಇದ್ದರೂ ಕನ್ವರ್ಟರ್ ಒಂದು ಖಾಯಂ ದಾರಿ ಆಗಬಹುದು. ನನ್ನ ಕ್ಯಾಬಿನೆಟ್‌ನಲ್ಲಿ ಅದು ಡಿಸ್ಕ್ ಹಿಂದೆ ಎರಡು ಬೆರಳಷ್ಟು ಚಾಚಿ ಮೆಮೊರಿಗೆ ತಾಗುತ್ತಿತ್ತು, ಅದಕ್ಕೇ ಬಿಟ್ಟೆ. 1 ಟಿಬಿ ಡಿಸ್ಕ್ ಯುಎಸ್‌ಬಿ ಡಬ್ಬಿಯೊಳಗೆ ಸೇರಿ ಈಗ ಎಲ್ಲ ಸ್ಕ್ಯಾನ್‌ಗಳ ಬ್ಯಾಕಪ್ ಆಗಿದೆ.

ಸಣ್ಣ ಸಣ್ಣ ವಿಷಯ

ಮೊಲೆಕ್ಸ್‌ನಿಂದ ಸಾಟಾ ಪವರ್‌ಗೆ ಬರುವ ವೈರ್ ಕೊಳ್ಳುವಾಗ ಪ್ಲಗ್ ಹಿಂಭಾಗ ನೋಡಿ. ವೈರುಗಳನ್ನು ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ್ದರೆ ಬೇಡ. ಒಳಗೆ ವೈರುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದರೂ ಹೊರಗೆ ಕಾಣುವುದಿಲ್ಲ, ಕರಗಿ ಬೆಂಕಿ ಹತ್ತಿದ್ದೂ ಇದೆ. ಒಂದೊಂದು ವೈರೂ ಬೇರೆ ಬೇರೆಯಾಗಿ ಕ್ರಿಂಪ್ ಮಾಡಿ ಕೂರಿಸಿದ್ದು ಕಾಣುವಂಥದ್ದೇ ತಗೊಳ್ಳಿ. ಇನ್ನು ಕೆಲವು ದೊಡ್ಡ ಗಾತ್ರದ ಹೊಸ ಡಿಸ್ಕ್‌ಗಳಿಗೆ ಸಾಟಾ ಪವರ್‌ನ 3ನೇ ಪಿನ್‌ನಲ್ಲಿ 3.3 ವೋಲ್ಟ್ ಬಂದರೆ ಎದ್ದೇಳುವುದೇ ಇಲ್ಲ. ಮೊಲೆಕ್ಸ್‌ನಲ್ಲಿ 3.3 ಇರುವುದಿಲ್ಲವಾದ್ದರಿಂದ ಈ ವೈರ್ ಹಾಕಿದರೆ ಆ ತೊಂದರೆ ತಾನಾಗಿ ತಪ್ಪುತ್ತದೆ.

ಸಾಟಾ ಕೇಬಲ್‌ಗೆ ಲೋಹದ ಕ್ಲಿಪ್ ಇರಲಿ. ನಾನು ಮೊದಲು ಹಾಕಿದ್ದಕ್ಕೆ ಕ್ಲಿಪ್ ಇರಲಿಲ್ಲ. ಎರಡು ದಿನದಲ್ಲಿ 199ನೇ ಸಾಲು 0 ಇದ್ದದ್ದು 12 ಆಯಿತು. ಕ್ಲಿಪ್ ಇರುವ ಕೇಬಲ್ ಹಾಕಿದ ಮೇಲೆ 12ರಲ್ಲೇ ನಿಂತಿದೆ. ಈ ಲೆಕ್ಕ ಹಿಂದಕ್ಕೆ ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಬೋರ್ಡ್ ಮೇಲಿನ ಸಿಆರ್2032 ಸೆಲ್ ಕೂಡ ಬದಲಿಸಿ. ಪವರ್ ತೆಗೆದಾಗಲೆಲ್ಲ ನನ್ನ ಬಯಾಸ್ ಎಲ್ಲ ಮರೆತು ಸಾಟಾ ಆಫ್ ಮಾಡಿಕೊಳ್ಳುತ್ತಿತ್ತು, ಡಿಸ್ಕೇ ಹೋಯಿತು ಅಂತ ಒಂದು ಬೆಳಿಗ್ಗೆ ಎದೆ ಧಸಕ್ಕೆಂದಿತು.

ಲ್ಯಾಪ್‌ಟಾಪ್ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ 2.5 ಇಂಚು, ಐಡಿಇ ಆದರೆ 44 ಪಿನ್, ಪವರ್ ಕೂಡ ಅದರಲ್ಲೇ ಬರುತ್ತದೆ. ಹೆಚ್ಚಿನ ಹಳೇ ಲ್ಯಾಪ್‌ಟಾಪ್‌ಗಳ ಜಾಗ 9.5 ಮಿಲಿಮೀಟರ್ ದಪ್ಪದ ಡಿಸ್ಕ್‌ಗೆ ಮಾಡಿದ್ದು. 7 ಮಿಲಿಮೀಟರಿನದು ಸಡಿಲವಾಗುತ್ತದೆ, ಒಂದು ಚೌಕಟ್ಟು ಇಟ್ಟರೆ ಸರಿ. 12.5 ಅಥವಾ 15 ಮಿಲಿಮೀಟರಿನದು ಒಳಗೆ ಹೋಗುವುದೇ ಇಲ್ಲ. ಯುಎಸ್‌ಬಿ ಡಬ್ಬಿ ಒಡೆದು ಒಳಗಿನ ಡಿಸ್ಕ್ ತೆಗೆದು ಹಾಕೋಣ ಅಂತ ಯೋಚಿಸುವವರೂ ನೋಡಿಕೊಳ್ಳಿ, ಕೆಲವು 2.5 ಇಂಚಿನ ಡಿಸ್ಕ್‌ಗಳಲ್ಲಿ ಸಾಟಾ ಪ್ಲಗ್ ಇರುವುದೇ ಇಲ್ಲ, ಯುಎಸ್‌ಬಿಯನ್ನೇ ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ.

ಕ್ಯಾಬಿನೆಟ್ ಮುಚ್ಚುವ ಮುಂಚೆ ಒಂದು ಚೀಟಿ ಬರೆದು ಒಳಬದಿಗೆ ಅಂಟಿಸಿದೆ. ಡಿಸ್ಕ್ ಮಾದರಿ, ಹಾಕಿದ ದಿನ, ‘ಜಂಪರ್ ತೆಗೆಯಬೇಡಿ, ತೆಗೆದರೆ ಕಾಣುವುದಿಲ್ಲ’, ಬಯಾಸ್‌ನಲ್ಲಿ ಸಾಟಾ ಆನ್ ಇರಬೇಕು, 199 ಈಗ 12. ಇನ್ನೈದು ವರ್ಷಕ್ಕೆ ಇದನ್ನು ಬಿಚ್ಚುವುದು ನಾನೋ ತಮ್ಮನೋ ಗೊತ್ತಿಲ್ಲ.

ನಿನ್ನೆ ರಾತ್ರಿ ಹಾಳಾಗಿದ್ದ ಆ ಎರಡು ಫೋಟೊ ಫೈಲುಗಳ ನೆಗೆಟಿವ್ ಮತ್ತೆ ಸ್ಕ್ಯಾನರ್‌ಗೆ ಹಾಕಿದೆ. ಒಂದರಲ್ಲಿ ಅಮ್ಮ ಕಿಟಕಿ ಪಕ್ಕ ಕೂತು ಏನೋ ಹೊಲಿಯುತ್ತಿದ್ದಾಳೆ, ಬೆಳಕು ಅವಳ ಕೈಮೇಲೆ ಬಿದ್ದಿದೆ. 60 ಎಂಬಿಯ ಫೈಲ್, ಎರಡು ಸೆಕೆಂಡಿನಲ್ಲಿ ಸೇವ್ ಆಯಿತು. ಕಿವಿಗೊಟ್ಟು ಕೇಳಿದೆ. ಫ್ಯಾನ್ ಸದ್ದು ಬಿಟ್ಟು ಇನ್ನೇನೂ ಕೇಳಲಿಲ್ಲ.